ವೇಣೂರಿನ ಗೊಮ್ಮಟನೂ ಗ್ರೀಸಿನ ಕಲ್ಲಿನ ಯುವಕರೂ

ಪ್ರಶ್ನೆ: ಗ್ರೀಕ್ ಶಿಲ್ಪಗಳು ನಾಲ್ಕೈದು ನೂರು ವರ್ಷಗಳಲ್ಲಿ ಗುರುತೇ ಸಿಗದಷ್ಟು ಬದಲಾದವು ಎಂದು ಓದಿದೆ. ಶ್ರವಣಬೆಳಗೊಳದಿಂದ ವೇಣೂರಿನವರೆಗೆ ಆರುನೂರು ವರ್ಷ ಕಳೆದರೂ ನಮ್ಮ ಗೊಮ್ಮಟರು ನಿಂತ ಭಂಗಿ ಒಂದೇ. ನಮ್ಮ ಶಿಲ್ಪಿಗಳಿಗೆ ಹೊಸತೇನೂ ತೋಚಲಿಲ್ಲವೇ?
– ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ತೋಚದೆ ಅಲ್ಲ. ಭಂಗಿ ಬದಲಾಗಿದ್ದರೆ ಅವನು ಗೊಮ್ಮಟನಾಗಿ ಉಳಿಯುತ್ತಿರಲಿಲ್ಲ.

ಕ್ರಿ.ಪೂ. 600ರ ಸುಮಾರಿಗೆ ಗ್ರೀಕರು ಕೆತ್ತುತ್ತಿದ್ದ ‘ಕೂರೊಸ್’ ಎಂಬ ಯುವಕರ ಮೂರ್ತಿಗಳು ನಿಮ್ಮ ಕಡೆಯವರಿಗೆ ಪರಕೀಯವೆನಿಸಲಾರವು. ಬೆತ್ತಲೆ ಮೈ, ಅಗಲ ಭುಜ, ಪಕ್ಕಕ್ಕೆ ಇಳಿಬಿಟ್ಟ ಕೈ, ನೇರ ನೋಟ, ಹಲವರ ತುಟಿಯಲ್ಲಿ ಸಣ್ಣ ನಗು. ಎಡಗಾಲು ಮಾತ್ರ ತುಸು ಮುಂದೆ. ಕೆಲವು ಸಮಾಧಿಯ ಮೇಲೆ ನಿಂತವು, ಕೆಲವು ದೇವರಿಗೆ ಹರಕೆಯಾಗಿ ಸಂದವು. ನಾಕ್ಸೊಸ್ ದ್ವೀಪದ ಕಲ್ಲಿನ ಕೋರೆಯಲ್ಲಿ ಅರ್ಧ ಕೆತ್ತಿ ಬಿಟ್ಟ ಮೂರ್ತಿಯೊಂದು ಇಂದಿಗೂ ಮಲಗಿದೆ. ಉದ್ದ ಹತ್ತು ಮೀಟರಿಗೂ ಹೆಚ್ಚು, ಅಂದರೆ ಸುಮಾರಾಗಿ ವೇಣೂರಿನ 35 ಅಡಿಯಷ್ಟೇ. ಅದು ಏಳಲೇ ಇಲ್ಲ. 1432ರಲ್ಲಿ ಕಾರ್ಕಳದವರು 42 ಅಡಿಯ ಮೂರ್ತಿಯನ್ನು ಗುಡ್ಡದ ಮೇಲೆ ನಿಲ್ಲಿಸಿದರು ಎನ್ನುವುದನ್ನು ನೆನೆದರೆ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಗ್ರೀಸಿನಲ್ಲಿ ಬದಲಾವಣೆ ಶುರುವಾದದ್ದು ಸೊಂಟದಿಂದ. ಕ್ರಿ.ಪೂ. 480ರ ಆಸುಪಾಸಿನ ‘ಕ್ರಿಟಿಯೊಸ್ ಹುಡುಗ’ನನ್ನು ನೋಡಿ. ಮೈಭಾರವೆಲ್ಲ ಒಂದು ಕಾಲಿನ ಮೇಲೆ, ಇನ್ನೊಂದು ಮಂಡಿ ಸಡಿಲ, ಸೊಂಟ ತುಸು ವಾಲಿದೆ, ತಲೆ ಸ್ವಲ್ಪ ಹೊರಳಿದೆ. ಆ ಹಳೆಯ ನಗು ಮಾಯ. ಮರುಗಳಿಗೆಯಲ್ಲಿ ಏನಾದರೂ ಮಾಡಬಹುದಾದ ಮನುಷ್ಯ ಇವನು. ಮುಂದೆ ಪಾಲಿಕ್ಲೀಟೊಸ್ ಎಂಬ ಶಿಲ್ಪಿ ಅಂಗಾಂಗಗಳ ಅಳತೆಗೆ ಸೂತ್ರವನ್ನೇ ಬರೆದ. ಅಲೆಕ್ಸಾಂಡರನ ನಂತರದ ಶಿಲ್ಪಿಗಳಿಗೆ ನೋವು, ಮುಪ್ಪು, ಸಾವು ಎಲ್ಲವೂ ವಸ್ತುವಾದವು. ಹಾವುಗಳ ಹಿಡಿತದಲ್ಲಿ ಒದ್ದಾಡುವ, ಗ್ರೀಕ್ ಪುರಾಣದ ಲವೊಕೂನನ ಮೈಯಲ್ಲಿ ಬಿಗಿಯದ ಸ್ನಾಯುವಿಲ್ಲ. ಮೂರ್ತಿಯಿಂದ ಜನ ಬಯಸಿದ್ದು ಬದಲಾಯಿತು, ಮೂರ್ತಿಯೂ ಬದಲಾಯಿತು.

ನಾವು ಗೊಮ್ಮಟನೆನ್ನುವ ಬಾಹುಬಲಿಯ ಮೈಯನ್ನೂ ಬಳ್ಳಿ ಸುತ್ತಿದೆ, ಬುಡದಲ್ಲಿ ಹಾವುಗಳಿವೆ. ಅವನು ಅಲುಗುವುದಿಲ್ಲ. ಅಣ್ಣ ಭರತನನ್ನು ಗೆದ್ದೂ ರಾಜ್ಯ ಬಿಟ್ಟು, ವರ್ಷವಿಡೀ ನಿಂತಲ್ಲೇ ನಿಂತವನು ಅವನು. ಆ ಭಂಗಿಯ ಹೆಸರು ಕಾಯೋತ್ಸರ್ಗ, ಎಂದರೆ ದೇಹದ ಹಂಗನ್ನೇ ಬಿಟ್ಟು ನಿಲ್ಲುವುದು. ಒಂದು ಮಂಡಿ ಸಡಿಲಿಸಿದರೂ ಅವನು ದಣಿವಾರಿಸಿಕೊಳ್ಳುವವನಂತೆಯೋ ಹೊರಟು ನಿಂತವನಂತೆಯೋ ಕಾಣುತ್ತಾನೆ, ಕಥೆಯೇ ಕೆಡುತ್ತದೆ. ನಿಮ್ಮೂರಿನ ಗುರು ಬಸದಿಯ ಪಾರ್ಶ್ವನಾಥನೂ ಹೀಗೆಯೇ ನೆಟ್ಟಗೆ ನಿಂತಿದ್ದಾನೆ, ಗುರುತಿಗೆ ತಲೆಯ ಮೇಲಿನ ಹೆಡೆ ಸಾಕು.

ಹಾಗಾದರೆ ಶಿಲ್ಪಿಯ ಸ್ವಾತಂತ್ರ್ಯ ಎಲ್ಲಿ? ಮುಖದಲ್ಲಿ. ಚಾವುಂಡರಾಯ ಮಾಡಿಸಿದ ಬೆಳಗೊಳದ ಮೂರ್ತಿಯದು ಅರೆತೆರೆದ ಕಣ್ಣಿನ, ತನ್ನೊಳಗೇ ಇಳಿದ ಶಾಂತಿ. 1604ರಲ್ಲಿ ತಿಮ್ಮಣ್ಣ ಅಜಿಲ ಫಲ್ಗುಣಿ ನದಿಯ ದಂಡೆಯಲ್ಲಿ ನಿಲ್ಲಿಸಿದ ವೇಣೂರಿನ ಮೂರ್ತಿಗೆ ಕೆನ್ನೆಯಲ್ಲಿ ಗುಳಿ ಬಿದ್ದಿದೆ, ನಗು ಎದ್ದು ಕಾಣುತ್ತದೆ. ಗ್ರೀಕರು ಯಾವ ನಗುವನ್ನು ಕೈಬಿಟ್ಟರೋ ಅದನ್ನು ತುಳುನಾಡಿನ ಶಿಲ್ಪಿ ಇನ್ನಷ್ಟು ಆಳವಾಗಿ ಕೆತ್ತಿದ. ಇದನ್ನು ಅನುಕರಣೆ ಎನ್ನಲು ನನಗೆ ಮನಸ್ಸಿಲ್ಲ.

ಇನ್ನೊಂದು ಮಾತು. ಗ್ರೀಕ್ ಶಿಲ್ಪವೆಂದರೆ ಬಿಳಿ ಅಮೃತಶಿಲೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಅವುಗಳ ಕಣ್ಣು, ತುಟಿ, ಕೂದಲು, ಬಟ್ಟೆಗೆಲ್ಲ ಬಣ್ಣವಿತ್ತು. ಕಾಲ ತೊಳೆದ ಮೇಲೆ ಉಳಿದದ್ದು ಬಿಳುಪು. ಬಂಟ್ವಾಳ ತಾಲೂಕಿನ ಪೊಳಲಿಯಲ್ಲಿ ರಾಜರಾಜೇಶ್ವರಿಯ ಮಣ್ಣಿನ ಮೂರ್ತಿಯನ್ನೂ ಅದಕ್ಕೆ ನಡೆಯುವ ಲೇಪಾಷ್ಟಗಂಧವೆಂಬ ಲೇಪನವನ್ನೂ ಬಲ್ಲವರಿಗೆ, 2024ರಲ್ಲಿ ವೇಣೂರಿನ ಮಹಾಮಸ್ತಕಾಭಿಷೇಕದಲ್ಲಿ ಕಲ್ಲಿನ ಮೇಲೆ ಅರಿಶಿನ, ಗಂಧ ಇಳಿಯುವುದನ್ನು ಕಂಡವರಿಗೆ, ಇದು ಸುಲಭವಾಗಿ ಅರ್ಥವಾಗುತ್ತದೆ.

ಸಾಧ್ಯವಾದರೆ ವೇಣೂರು ಮತ್ತು ಧರ್ಮಸ್ಥಳ ಎರಡನ್ನೂ ಒಂದೇ ದಿನ ನೋಡಿ ಬನ್ನಿ. ಎರಡೂ ಬೆಳ್ತಂಗಡಿ ತಾಲೂಕಿನಲ್ಲೇ ಇವೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದರು, 1973ರಲ್ಲಿ ಅದು ಧರ್ಮಸ್ಥಳಕ್ಕೆ ಬಂತು, 1982ರಲ್ಲಿ ಪ್ರತಿಷ್ಠೆಯಾಯಿತು. ಜಗತ್ತಿನ ಯಾವ ಶಿಲ್ಪದ ಚಿತ್ರವೂ ಪುಸ್ತಕದಲ್ಲಿ ಸಿಗುತ್ತಿದ್ದ ಕಾಲದಲ್ಲಿ, ಮೊದಲ ಗೊಮ್ಮಟನಿಂದ ಸಾವಿರ ವರ್ಷ ಕಳೆದ ಮೇಲೂ, ಅವರು ಎರಡೂ ಪಾದಗಳನ್ನು ಸಮವಾಗಿಯೇ ಊರಿಸಿದರು.