ಬೀಳು–ಬಿದ್ದ: ಶಾಸನ, ಆಡುಮಾತು ಮತ್ತು ಪುಣೆಯ ಎರಡು ಗ್ರಂಥಗಳು

‘ಕೇಳು’ ಧಾತುವಿನ ಭೂತಕಾಲದ ರೂಪ ‘ಕೇಳಿದ’. ಆದರೆ ‘ಬೀಳು’ ಎಂಬುದರದು ‘ಬಿದ್ದ’, ‘ಏಳು’ ಎಂಬುದರದು ‘ಎದ್ದ’. ಶಾಲಾ ವ್ಯಾಕರಣಗಳು ಇವನ್ನು ಅಪವಾದಗಳೆಂದು ಕರೆದು ಮುಂದೆ ಸಾಗುತ್ತವೆ. ಚಾರಿತ್ರಿಕ ವ್ಯಾಕರಣದ ಕೆಲಸ ಆರಂಭವಾಗುವುದೇ ಇಂತಹ ಅಪವಾದಗಳಿಂದ.

ಇಂದು ಒಂದೇ ಆಗಿ ಕೇಳಿಸುವ ಈ ಳಕಾರಗಳು ಹಿಂದೆ ಎರಡಾಗಿದ್ದವು. ‘ಕೇಳ್’ ಧಾತುವಿನಲ್ಲಿದ್ದುದು ಕುಳ. ‘ಬೀೞ್’, ‘ಏೞ್’ ಧಾತುಗಳಲ್ಲಿದ್ದುದು ರಳ. ತಮಿಳಿನ ಬರಹ ಈ ಭೇದವನ್ನು ಇಂದಿಗೂ ಉಳಿಸಿಕೊಂಡಿದೆ. ಕನ್ನಡದಲ್ಲಿ ಸ್ವರ ಪರವಾದಾಗ ರಳವು ಳಕಾರದಲ್ಲಿ ಲೀನವಾಯಿತು. ವ್ಯಂಜನ ಪರವಾದಾಗ ರೇಫವಾಗಿ, ಆ ರೇಫವು ಮುಂದಿನ ವ್ಯಂಜನದೊಡನೆ ಸಮರೂಪವನ್ನು ಹೊಂದಿತು: ಬಿೞ್ದ, ಬಿರ್ದ, ಬಿದ್ದ. ಹೀಗೆ ಅಪವಾದವೆನಿಸಿದ್ದು ವಾಸ್ತವವಾಗಿ ನಿಯಮದ ಫಲ.

ಇದು ಕೇವಲ ಊಹೆಯಲ್ಲವೆಂದು ತೋರಿಸಲು ಕಾಲ ತಿಳಿದ ಆಧಾರಗಳು ಬೇಕು. ಪುಣೆಯ ಡೆಕ್ಕನ್ ಕಾಲೇಜು 1946ರಲ್ಲಿ ಪ್ರಕಟಿಸಿದ ಜಿ. ಎಸ್. ಗಾಯಿಯವರ ಹಳಗನ್ನಡದ ಚಾರಿತ್ರಿಕ ವ್ಯಾಕರಣವು 8, 9 ಮತ್ತು 10ನೆಯ ಶತಮಾನಗಳ ಶಾಸನಗಳನ್ನೇ ಆಧರಿಸಿದೆ. ಈ ಮಿತಿ ವಿವೇಕದ್ದು. ಕಾವ್ಯಗಳು ನಮಗೆ ದೊರೆತಿರುವುದು ಪ್ರತಿಯ ಪ್ರತಿಗಳಲ್ಲಿ; ಪ್ರತಿಕಾರನ ಕಾಲದ ನುಡಿ ಕವಿಯ ನುಡಿಯೊಳಗೆ ಸದ್ದಿಲ್ಲದೆ ಸೇರಿರಬಹುದು. ಕಲ್ಲಿಗೆ ಆ ಭಯವಿಲ್ಲ. ಆದರೆ ಕಲ್ಲನ್ನೂ ಪೂರ್ತಿ ನಂಬುವಂತಿಲ್ಲ. ಉಚ್ಚಾರ ಬದಲಾದ ಮೇಲೂ ಬರಹ ಹಳೆಯ ಜಾಡಿನಲ್ಲೇ ನಡೆಯುತ್ತದೆ. ಆದ್ದರಿಂದ ಶಾಸನದಲ್ಲಿ ಹೊಸ ರೂಪ ಮೊದಲು ಕಾಣುವ ವರ್ಷ ಬದಲಾವಣೆ ಹುಟ್ಟಿದ ವರ್ಷವಲ್ಲ. ಅಷ್ಟರೊಳಗೆ ಅದು ನಾಲಗೆಗೆ ಬಂದಿತ್ತೆಂಬುದಕ್ಕೆ ಸಾಕ್ಷಿ ಮಾತ್ರ. ಇಲ್ಲಿ ಲಿಪಿಕಾರನ ಶುದ್ಧ ಬರಹಕ್ಕಿಂತ ಅವನ ತಪ್ಪೇ ಹೆಚ್ಚು ಬೆಲೆಯುಳ್ಳದ್ದು. ಳಕಾರವಿರಬೇಕಾದಲ್ಲಿ ರಳವನ್ನು ಕೆತ್ತಿದವನ ಕಿವಿಗೆ ಎರಡರ ಭೇದ ಕೇಳಿಸುತ್ತಿರಲಿಲ್ಲ. 13ನೆಯ ಶತಮಾನದ ಕೇಶಿರಾಜನು ರಳವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂಬುದೂ ಇದನ್ನೇ ಸೂಚಿಸುತ್ತದೆ. ಬಾಯಲ್ಲಿ ಜೀವಂತವಾಗಿರುವ ಧ್ವನಿಗೆ ಪಟ್ಟಿ ಏಕೆ?

ಅದೇ ಸಂಸ್ಥೆ 1958ರಲ್ಲಿ ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವಿವರಣೆಯನ್ನು ಪ್ರಕಟಿಸಿತು. ಒಂದು ಕಣ್ಣಿಗೆ ಕಂಡ ಕನ್ನಡದ ವ್ಯಾಕರಣ, ಇನ್ನೊಂದು ಕಿವಿಗೆ ಕೇಳಿದ ಕನ್ನಡದ್ದು. ಇವೆರಡನ್ನೂ ಎದುರುಬದುರು ಇಟ್ಟು ಓದುವ ವಿದ್ಯಾರ್ಥಿಗೆ ಒಂದು ಎಚ್ಚರಿಕೆ ಅಗತ್ಯ. ಹಳೆಯ ಮೈಸೂರಿನ ಆಡುಮಾತಿನ ‘ಕೇಳ್ದ’ ಹಳಗನ್ನಡದ ‘ಕೇಳ್ದಂ’ ರೂಪವನ್ನು ಹೋಲುತ್ತದೆ. ಹಳೆಯದೇ ಉಳಿದುಬಂದಿದೆಯೆಂದು ಹೇಳುವ ಆಸೆ ಸಹಜ. ಆದರೆ ಅದೇ ಆಡುಮಾತಿನಲ್ಲಿ ‘ಮಾಡ್ದ’, ‘ನೋಡ್ದ’ ಎಂಬ ರೂಪಗಳೂ ಇವೆ. ಹಳಗನ್ನಡದಲ್ಲಿ ಅವು ‘ಮಾಡಿದಂ’, ‘ನೋಡಿದಂ’. ‘ಕೇಳಿದ’ ಎಂಬುದರ ನಡುವಣ ಇಕಾರವೂ ಇವುಗಳಂತೆಯೇ ಈಚೆಗೆ ಲೋಪವಾಗಿದೆ.