ಫೀಸಿನ ತಿಂಗಳು, ಹರಾಜಿನ ತಿಂಗಳು

ಸ್ನಾತಕೋತ್ತರ ಕೋರ್ಸುಗಳಿಗೆ ಮೈಸೂರಿನ ಕಾಲೇಜುಗಳು ಫೀಸು ಕಟ್ಟಿಸಿಕೊಳ್ಳುವುದು ಹೆಚ್ಚಾಗಿ ಮಳೆಗಾಲ ಮುಗಿಯುವ ಮುಂಚೆ. ಹುಣಸೂರು, ಪಿರಿಯಾಪಟ್ಟಣದ ಮನೆಗಳಿಗೆ ದುಡ್ಡು ಬರುವುದು ಹೊಗೆಸೊಪ್ಪಿನ ಹರಾಜು ಶುರುವಾದ ಮೇಲೆ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಆರಂಭವಾದರೆ ಅದು ಫೆಬ್ರುವರಿ, ಮಾರ್ಚ್‌ವರೆಗೆ ಎಳೆಯುತ್ತದೆ. ಆಗಸ್ಟ್ ಅಂದರೆ ನಮ್ಮ ಕಡೆ ದುಡ್ಡು ಹೋಗುವ ತಿಂಗಳು. ಸೊಪ್ಪು ಹದ ಮಾಡುವ ಬ್ಯಾರನ್‌ಗೆ ಸೌದೆ ಬೇಕು, ಸೊಪ್ಪು ಮುರಿಯುವವರಿಗೆ ದಿನಗೂಲಿ ಕೊಡಬೇಕು, ರಾತ್ರಿಯೆಲ್ಲ ಉರಿ ನೋಡಿಕೊಳ್ಳುವವನಿಗೆ ಬೇರೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಆಗಿನ್ನೂ ಭತ್ತದ ನಾಟಿ. ಕೊಯ್ಲು ಕಾಣುವುದು ಡಿಸೆಂಬರಿಗೆ. ಎಚ್.ಡಿ. ಕೋಟೆಯ ಹತ್ತಿ ಒಂದಿಷ್ಟು ಮುಂಚೆ ಕೈಗೆ ಸಿಗುತ್ತದೆ, ಅದೂ ಬಿಡಿಸುವ ಹೊತ್ತಿಗೆ ಮಳೆ ಬಿಡುವು ಕೊಟ್ಟರೆ.

ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗ ಹುಡುಗಿಯರ ಓದಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಅನ್ನುವುದು ತೀರ್ಮಾನವಾಗುವುದು ಈ ನಡುವಿನ ತಿಂಗಳುಗಳಲ್ಲಿ. ಕಾಲೇಜಿನವರು ಅಚ್ಚು ಹಾಕಿಸಿದ ಫೀಸು ಎಲ್ಲರಿಗೂ ಒಂದೇ. ಆ ಫೀಸನ್ನು ಯಾವ ದುಡ್ಡಿನಿಂದ ಕಟ್ಟಿದಿರಿ ಅನ್ನುವುದು ಮನೆಯಿಂದ ಮನೆಗೆ ಬೇರೆ.

ಸಾಮಾನ್ಯವಾಗಿ ಕೈಸಾಲ. ಊರಲ್ಲಿ ಬಡ್ಡಿಯನ್ನು ಯಾರೂ ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. "ಮೂರ್ ರೂಪಾಯಿ ಬಡ್ಡಿ ಕಣಪ್ಪ, ಗುರುತಿನೋನು ಅಂತ ಕೊಡ್ತಿದೀನಿ" ಅನ್ನುತ್ತಾರೆ. ನೂರಕ್ಕೆ ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ಶೇ 36. ಆಗಸ್ಟ್‌ನಲ್ಲಿ ತಂದ ಒಂದು ಲಕ್ಷವನ್ನು ಸೊಪ್ಪು ಮಾರಿ ಆರು ತಿಂಗಳಿಗೆ ತೀರಿಸಿದರೂ ಬಡ್ಡಿಯೇ 18,000 ರೂಪಾಯಿ. ಅದೇ ಲಕ್ಷ ಶೇ 10ರ ಶಿಕ್ಷಣ ಸಾಲವಾಗಿದ್ದರೆ 5,000. ಎರಡು ವರ್ಷದ ಕೋರ್ಸಿಗೆ ಈ ವ್ಯತ್ಯಾಸ ಎರಡು ಸಲ ಬೀಳುತ್ತದೆ. ಜೊತೆಗೆ, ಹರಾಜಿನ ದುಡ್ಡು ಬೆಳೆಗಾರರ ಬ್ಯಾಂಕ್ ಖಾತೆಗೆ ಬಂದು ಬಿದ್ದಾಗ ಮೊದಲು ಬೆಳೆ ಸಾಲಕ್ಕೆ ಮುರಿದುಕೊಳ್ಳುತ್ತಾರೆ. ಉಳಿದದ್ದರಲ್ಲಿ ಗೊಬ್ಬರದ ಅಂಗಡಿ ಬಾಕಿ, ಕೂಲಿ ಬಾಕಿ, ಕೊನೆಗೆ ಕೈಸಾಲ. ಸೊಪ್ಪಿನ ರೇಟು ಬಿದ್ದ ವರ್ಷ ಆ ಕೊನೆಯದು ಮುಂದಿನ ವರ್ಷಕ್ಕೆ ಉರುಳುತ್ತದೆ. ಆದ್ದರಿಂದಲೇ ನಾನು ಕೇಳಿದವರಿಗೆಲ್ಲ ಹೇಳುವುದು ಒಂದೇ ಮಾತು: ಓದಿನ ಸಾಲ ಓದುವವರ ಹೆಸರಿನಲ್ಲೇ ಇರಲಿ, ಅಪ್ಪನ ಬೆಳೆ ಲೆಕ್ಕದೊಳಗೆ ಅದು ನುಗ್ಗಬಾರದು.

ನಾನು ಓದಿದ್ದು ಮೈಸೂರಿನಲ್ಲಿ ಎಂಬಿಎ, ಎರಡನೇ ವರ್ಷ ಆರಿಸಿಕೊಂಡದ್ದು ಇನ್ಫರ್ಮೇಷನ್ ಸಿಸ್ಟಮ್ಸ್. ಆಸ್ಟ್ರೇಲಿಯಾ, ಐರ್ಲೆಂಡ್, ಜರ್ಮನಿಗಳಲ್ಲಿ ಬಿಸಿನೆಸ್ ಇನ್ಫರ್ಮೇಷನ್ ಸಿಸ್ಟಮ್ಸ್ ಅನ್ನುವ ಹೆಸರಿನಲ್ಲೇ ಓದುವುದುಂಟು. ಇಲ್ಲಿ ಅದು ಎಂಬಿಎ ಮತ್ತು ಎಂಸಿಎಗಳ ನಡುವೆ ಹಂಚಿಹೋಗಿದೆ. ಒಂದು ಕಂಪನಿಯ ಖರೀದಿ, ಗೋದಾಮು, ಲೆಕ್ಕಪತ್ರ, ಸಂಬಳ ಇವನ್ನೆಲ್ಲ ಒಂದೇ ಸಾಫ್ಟ್‌ವೇರಿನಲ್ಲಿ ಹೆಣೆಯುವುದು ಹೇಗೆ ಅನ್ನುವ ಓದು. ಸೇರುವಾಗ ಅಪ್ಪ ಕೇಳಿದ್ದರು, "ಅದೇನ್ಲಾ ಅದು?" ಅಂತ. "ಅಂಗಡಿ ಲೆಕ್ಕಾನ ಕಂಪ್ಯೂಟರ್‌ಗೆ ಹೇಳ್ಕೊಡೋದು ಕಣಪ್ಪ" ಅಂದೆ. "ಅಂಗಡಿಯೋನ್‌ಗೆ ಗೊತ್ತಿಲ್ವಾ ಅವನ ಲೆಕ್ಕ?" ಅಂದರು. ಆಮೇಲೆ ಕೆಲಸಕ್ಕೆ ಸೇರಿ ನಾಲ್ಕಾರು ಕಂಪನಿಗಳ ಗೋದಾಮು ನೋಡಿದ ಮೇಲೆ, ಬಹಳ ಅಂಗಡಿಯವರಿಗೆ ಗೊತ್ತಿಲ್ಲ ಅನ್ನುವುದು ಖಾತ್ರಿಯಾಯಿತು. ನಮ್ಮಂಥವರ ಸಂಬಳ ಹುಟ್ಟುವುದೇ ಅಲ್ಲಿಂದ.

ಸೇರುವ ಮುಂಚೆ ಬಿಸಿಎ ಮುಗಿಸಿ ತಿಂಗಳಿಗೆ 14,000ದ ಕೆಲಸದಲ್ಲಿದ್ದೆ. ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತೇನೆ, ಏಕೆಂದರೆ ಹೆಚ್ಚಿನವರು ಫೀಸನ್ನಷ್ಟೇ ಕೂಡುತ್ತಾರೆ. ಎರಡು ವರ್ಷದ ಫೀಸು, ಪರೀಕ್ಷೆ ಶುಲ್ಕ, ಲ್ಯಾಪ್‌ಟಾಪು, ಪುಸ್ತಕ ಸೇರಿ 2.5 ಲಕ್ಷ. ಕೆಲಸ ಬಿಟ್ಟದ್ದರಿಂದ ಬಾರದೆ ಹೋದ ಸಂಬಳ 3.36 ಲಕ್ಷ. ಯಾರಿಗೂ ಕಾಣದ ಖರ್ಚು ಇದೇ, ಫೀಸಿಗಿಂತ ದೊಡ್ಡದೂ ಇದೇ. ಊಟ, ರೂಮಿನ ಬಾಡಿಗೆಯನ್ನು ನಾನು ಸೇರಿಸುವುದಿಲ್ಲ. ಕೆಲಸದಲ್ಲಿದ್ದಿದ್ದರೂ ಉಣ್ಣಬೇಕಿತ್ತು, ಮಲಗಬೇಕಿತ್ತು. 2.5 ಲಕ್ಷವನ್ನು ಪೂರಾ ಶಿಕ್ಷಣ ಸಾಲವಾಗಿ ಎತ್ತಿದ್ದೆ. ವರ್ಷಕ್ಕೆ ಅರ್ಧರ್ಧ ಬಿಡುಗಡೆಯಾದ್ದರಿಂದ ಶೇ 10ರಂತೆ ಓದುವಾಗಲೇ ಕಟ್ಟಿದ ಬಡ್ಡಿ 37,500. ಮುಗಿದ ಮೇಲೆ ಐದು ವರ್ಷದ ಕಂತು ತಿಂಗಳಿಗೆ 5,300 ಚಿಲ್ಲರೆ. ಅದರಲ್ಲಿ ಬಡ್ಡಿಯ ಪಾಲು 68,000ದ ಮೇಲೆ. ಎಲ್ಲ ಸೇರಿ ಹೆಚ್ಚುಕಡಿಮೆ ಏಳು ಲಕ್ಷ.

ಓದು ಮುಗಿಸಿ ಸೇರಿದ ಕೆಲಸಕ್ಕೆ ಸಂಬಳ 28,000. ದುಪ್ಪಟ್ಟಾಯಿತಲ್ಲ ಅಂದರು ಊರಿನವರು. ಓದದೆ ಅಲ್ಲೇ ಇದ್ದಿದ್ದರೂ ಅಷ್ಟು ಹೊತ್ತಿಗೆ 18,000 ಆಗಿರುತ್ತಿತ್ತು, ಜೊತೆಗಿದ್ದವರಿಗೆ ಆಗಿತ್ತು. ಹಾಗಾಗಿ ಡಿಗ್ರಿ ತಂದುಕೊಟ್ಟದ್ದು ತಿಂಗಳಿಗೆ 10,000. ಏಳು ಲಕ್ಷ ವಾಪಸ್ಸಾಗಲು ಎಪ್ಪತ್ತು ತಿಂಗಳು, ಆರು ವರ್ಷದ ಹತ್ತಿರ. ಇದು ಕೆಟ್ಟ ಲೆಕ್ಕವಲ್ಲ. ಮೂವತ್ತು ವರ್ಷ ದುಡಿಯುವವನಿಗೆ ಆರು ವರ್ಷದಲ್ಲಿ ಅಸಲು ಹಿಂದಿರುಗಿದರೆ ಒಳ್ಳೆಯದೇ. ಆದರೆ ಕೈಸಾಲದಲ್ಲಿ ಓದಿದವನಿಗೆ ಈ ಲೆಕ್ಕ ಕೂಡಿ ಬರುವುದಿಲ್ಲ. ಎರಡು ಮೂರು ವರ್ಷ ತೀರಿಸದೆ ಹೋದರೆ ಬಡ್ಡಿಯೇ ಫೀಸನ್ನು ದಾಟುತ್ತದೆ.

ಎಂಸಿಎ ಬಗ್ಗೆಯೂ ಒಂದು ಮಾತು. 2020-21ರಿಂದ ಅದು ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಜನ ಅದನ್ನು ಒಂದು ವರ್ಷದ ಫೀಸು ಉಳಿಯಿತು ಅಂತ ಮಾತ್ರ ನೋಡುತ್ತಾರೆ. ಉಳಿದದ್ದು ಒಂದು ವರ್ಷದ ಸಂಬಳ ಕೂಡ.

ಇನ್ನು ಸಾಲ ಎಲ್ಲಿಂದ ಅನ್ನುವ ಮಾತು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವಿಲ್ಲ, ಜಾಮೀನುದಾರನೂ ಬೇಡ. ಅಪ್ಪ ಅಥವಾ ಅಮ್ಮ ಸಹ ಸಾಲಗಾರರಾದರೆ ಸಾಕು. 7.5 ಲಕ್ಷದವರೆಗೆ ಕೇಂದ್ರದ ಖಾತರಿ ನಿಧಿಯ ಆಸರೆ ಇದೆ. ಮರುಪಾವತಿ ಶುರುವಾಗುವುದು ಕೋರ್ಸು ಮುಗಿದ ಒಂದು ವರ್ಷಕ್ಕೆ. ಈ ಬಿಡುವಿನಲ್ಲಿ ಬಡ್ಡಿ ಮಲಗಿರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ ಶೇ 1ರಷ್ಟು ರಿಯಾಯಿತಿ ಕೊಡುವ ಬ್ಯಾಂಕುಗಳಿವೆ. ಸಂಜೆ ಹೊತ್ತು ಒಂದು ಸಣ್ಣ ಕೆಲಸ ಹಿಡಿದು ನಾನು ಅದನ್ನೇ ಮಾಡಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರಿದವರಿಗೆ ಅಡಮಾನವೂ ಇಲ್ಲ, ಜಾಮೀನೂ ಇಲ್ಲ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದಿಲ್ಲ. ಸೇರಬೇಕೆಂದಿರುವ ಕಾಲೇಜು ಪಟ್ಟಿಯಲ್ಲಿದೆಯೇ ಅಂತ ಆಯ್ಕೆ ನಮೂದಿಸುವ ಮುಂಚೆಯೇ ನೋಡಿಕೊಳ್ಳಬೇಕು.

ಹಿಂದುಳಿದ ವರ್ಗದ ಮನೆಗಳವರು ಇದಕ್ಕೂ ಮೊದಲು ನೋಡಬೇಕಾದ್ದು ಡಿ. ದೇವರಾಜ ಅರಸು ನಿಗಮದ ಅರಿವು ಸಾಲ. ಸಿಇಟಿ ಮೂಲಕ ಸೀಟು ಸಿಕ್ಕಿದವರಿಗೆ ಅದರ ಬಡ್ಡಿ ಶೇ 2 ಮಾತ್ರ. ಅರಸು ಅವರ ಕಲ್ಲಹಳ್ಳಿ ಇರುವುದು ಹುಣಸೂರು ತಾಲ್ಲೂಕಿನಲ್ಲೇ. ಹಾಗಿದ್ದೂ ನಮ್ಮ ಅಕ್ಕಪಕ್ಕದ ಊರುಗಳಲ್ಲಿ ಈ ಸಾಲದ ಹೆಸರು ಕೇಳದೆ ಮೂರು ರೂಪಾಯಿ ಬಡ್ಡಿಗೆ ಹೋದವರನ್ನು ಬಹಳ ಕಂಡಿದ್ದೇನೆ.

ಕೆ.ಆರ್. ನಗರದಲ್ಲಿರುವ ದೊಡ್ಡಕ್ಕನ ಮಗನ ವಿಚಾರ ಬೇರೆ ಥರದ್ದು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 10,000, ಹೆಣ್ಣುಮಕ್ಕಳಿಗೆ 11,000 ನಿಗದಿಯಾಗಿತ್ತು. ಇವನಿಗೆ ಬರಲಿಲ್ಲ. ಭಾವ ಹುಟ್ಟಿದಾಗಿನಿಂದ ಗದ್ದೆಯಲ್ಲೇ ಇದ್ದಾರೆ, ಆದರೆ ಪಹಣಿಯಲ್ಲಿರುವುದು ಎಂದೋ ತೀರಿಕೊಂಡ ಅವರ ಅಪ್ಪನ ಹೆಸರು. ಪೌತಿ ಖಾತೆ ಮಾಡಿಸಿಲ್ಲ; ಅಣ್ಣತಮ್ಮಂದಿರು ಒಟ್ಟಿಗೆ ಕೂತು ಸಹಿ ಹಾಕುವ ದಿನ ಕೂಡಿ ಬಂದಿಲ್ಲ. ಹೆಸರಿನಲ್ಲಿ ಜಮೀನಿಲ್ಲ ಅಂದಮೇಲೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲ ಅಂದಮೇಲೆ ಸರ್ಕಾರದ ಕಂಪ್ಯೂಟರಿನ ಪಾಲಿಗೆ ಭಾವ ರೈತರೇ ಅಲ್ಲ.

ಇದರಲ್ಲಿ ನನಗೆ ನಗು ಬರುವುದಕ್ಕೆ ಕಾರಣವಿದೆ. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ಕೌಂಟರಿನಲ್ಲಿ 15 ರೂಪಾಯಿಗೆ ಕೊಟ್ಟ ನಮ್ಮ ಭೂಮಿ ಯೋಜನೆಯನ್ನು ಮಾಹಿತಿ ವ್ಯವಸ್ಥೆ ಓದುವವರು ದೇಶವಿದೇಶಗಳಲ್ಲಿ ಉದಾಹರಣೆಯಾಗಿ ಓದುತ್ತಾರೆ. ನಾವೂ ಓದಿದೆವು, ಪರೀಕ್ಷೆಗೆ ಪುಟಗಟ್ಟಲೆ ಬರೆದೆವು. ದಾಖಲೆಯೊಳಗಿನ ಹೆಸರೇ ಹಳೆಯದಾದರೆ ಎಂಥ ವ್ಯವಸ್ಥೆಯೂ ಅದನ್ನೇ ಅಚ್ಚುಕಟ್ಟಾಗಿ ತೆಗೆದುಕೊಡುತ್ತದೆ ಅನ್ನುವುದು ಮೊದಲ ಸೆಮಿಸ್ಟರಿನ ಪಾಠ. ಮಗ ಪಿಯುಸಿಯಲ್ಲಿರುವಾಗಲೇ ಪೌತಿ ಖಾತೆ ಮಾಡಿಸಿಕೊಳ್ಳಿ ಅನ್ನುವುದು ಹಣಕಾಸಿನ ಸಲಹೆ ಅಂತ ಯಾರಿಗೂ ಅನಿಸುವುದಿಲ್ಲ. ನನ್ನ ಮಟ್ಟಿಗೆ ಮ್ಯೂಚುವಲ್ ಫಂಡಿಗಿಂತ ಮುಂಚೆ ಬರುವ ಸಲಹೆ ಅದು.

ಪಿರಿಯಾಪಟ್ಟಣದ ಸೋದರಮಾವ ಮಗನನ್ನು ಹೊರದೇಶಕ್ಕೆ ಕಳಿಸಲು ಹೊರಟಾಗ ಇನ್ನೊಂದು ಬಾಗಿಲು ಮುಚ್ಚಿತು. ಐದು ಎಕರೆ ಇದೆ, ಬ್ಯಾರನ್ ಇದೆ, ಸಾಲ ಸಿಗದೆ ಎಲ್ಲಿ ಹೋಗುತ್ತದೆ ಅಂದುಕೊಂಡಿದ್ದರು. ಸಾಲದ ಮೊತ್ತ 7.5 ಲಕ್ಷ ದಾಟಿದರೆ ಬ್ಯಾಂಕು ಅಡಮಾನ ಕೇಳುತ್ತದೆ, ಆದರೆ ಸಾಗುವಳಿ ಜಮೀನನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನು ಹೊರಗಿಟ್ಟಿದೆ. ರೈತನ ನೆಲ ಉಳಿಯಲಿ ಅಂತ ಮಾಡಿದ ಏರ್ಪಾಡು ಅದು, ಸರಿಯಾದದ್ದೇ. ಶಿಕ್ಷಣ ಸಾಲದ ಮೇಜಿನ ಮುಂದೆ ಮಾತ್ರ ಐದು ಎಕರೆಯವನಿಗಿಂತ ಪಟ್ಟಣದಲ್ಲಿ ಒಂದು ಸೈಟು ಇರುವವನೇ ದೊಡ್ಡವನು. ಊರೊಳಗಿನ ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಆಗಿದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಮಾವನ ಮನೆಗೆ ಆಗಿರಲಿಲ್ಲ.

ಹೊರದೇಶದ ಓದಿಗೆ ಫೀಸು ಒಂದೇ ಅಲ್ಲ, ಖರ್ಚಿಗೆ ದುಡ್ಡಿದೆ ಅಂತ ಮೊದಲೇ ತೋರಿಸಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ, ಆದರೆ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ ಖಾತೆಯಲ್ಲಿಟ್ಟು ಬೀಗ ಹಾಕಬೇಕು. ಆಸ್ಟ್ರೇಲಿಯಾ ಅದೇ ವರ್ಷದ ಮೇ ತಿಂಗಳಲ್ಲಿ 29,710 ಡಾಲರ್ ಉಳಿತಾಯ ತೋರಿಸಿ ಅಂದಿತು. ಮಾವ ಜಮೀನು ಮಾರುವ ಮಾತೆತ್ತಿದರು. ನಾನು ಬೇಡವೆಂದೆ. ಕೊನೆಗೆ ಮೂರು ಎಕರೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟರು. ಕೇರಳದವರು ನಮ್ಮ ಕಡೆ ಬಂದು ಗುತ್ತಿಗೆ ಹಿಡಿಯುವುದು ಹೊಸದೇನಲ್ಲ. ದುಡ್ಡು ಮುಂಗಡ, ಒಂದೇ ಗಂಟು. ಶುಂಠಿ ಕಿತ್ತ ನೆಲ ಒಂದೆರಡು ವರ್ಷ ಸೋತಿರುತ್ತದೆ, ಕೊಳೆರೋಗ ಮಣ್ಣಿನಲ್ಲಿ ಉಳಿಯುತ್ತದೆ. ಆದರೂ ಮಾರಿದ ನೆಲದಂತಲ್ಲ. ಹುಡುಗ ಹೋಗಿದ್ದಾನೆ. ಅವನ ಲೆಕ್ಕ ಕೂಡಲು ಇನ್ನೂ ವರ್ಷಗಳು ಬೇಕು.

ಮೈಸೂರಿನಲ್ಲೇ ಓದುವವರಿಗೆ ಉಳಿಸುವ ದಾರಿ ರಸ್ತೆಯಲ್ಲೇ ಇದೆ. ಹುಣಸೂರಿನಿಂದ ಮೈಸೂರು 45 ಕಿಲೋಮೀಟರು, ದಿನಾ ಹೋಗಿ ಬರಬಹುದು. ಕೆ.ಆರ್. ನಗರಕ್ಕೆ ರೈಲಿದೆ, ಉಳಿದ ಮೂರು ತಾಲ್ಲೂಕು ಕೇಂದ್ರಗಳಿಗೆ ಆ ಭಾಗ್ಯವಿಲ್ಲ. ರೈಲಿನ ಸೀಸನ್ ಟಿಕೆಟಿನಷ್ಟು ಅಗ್ಗದ್ದು ಯಾವುದೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಪಿಜಿಯಲ್ಲಿ ಹಂಚಿಕೊಂಡ ಕೋಣೆಯ ಬಾಡಿಗೆ ಎರಡು ವರ್ಷ ಉಳಿದರೆ ಅದು ಒಂದು ಲ್ಯಾಪ್‌ಟಾಪಿಗಿಂತ ಹೆಚ್ಚೇ ಆಗುತ್ತದೆ. ದಿನಾ ಮೂರು ಗಂಟೆ ಬಸ್ಸಿನಲ್ಲಿ ಹೋಗುತ್ತದಲ್ಲ ಅನ್ನುವುದೂ ನಿಜ. ಪ್ರಾಜೆಕ್ಟಿನ ಸೆಮಿಸ್ಟರಿಗೆ ಮಾತ್ರ ರೂಮು ಮಾಡಿದವರನ್ನು ಬಲ್ಲೆ. ಕೆಲಸ ಬಿಡಲು ಆಗದವರಿಗೆ ಮುಕ್ತಗಂಗೋತ್ರಿಯ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಬಿಎ ಇದೆ. ಬಾರದೆ ಹೋಗುವ ಸಂಬಳ ಅನ್ನುವ ದೊಡ್ಡ ಖರ್ಚೇ ಅಲ್ಲಿ ಅಳಿಸಿಹೋಗುತ್ತದೆ.

ಈಗ ನನ್ನ ಮುಂದಿರುವುದು ಎಚ್.ಡಿ. ಕೋಟೆಯ ಚಿಕ್ಕಕ್ಕನ ಮಗಳು. ಬಿಕಾಂ ಮುಗಿದಿದೆ, ಪಿಜಿಸಿಇಟಿಗೆ ಓದುತ್ತಿದ್ದಾಳೆ, ನಂಜನಗೂಡಿನ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸವೂ ಕೈಗೆ ಬಂದಿದೆ. ಒಂದು ವರ್ಷ ಅಲ್ಲಿ ದುಡಿದು ಆಮೇಲೆ ಸೇರು ಅಂತ ನನ್ನ ಅಭಿಪ್ರಾಯ. ಗೋದಾಮಿನ ಲೆಕ್ಕ ಕಣ್ಣಾರೆ ಕಂಡವಳಿಗೆ ಈ ಓದು ಬೇಗ ಹತ್ತುತ್ತದೆ, ಮೊದಲ ಕಂತಿನ ದುಡ್ಡೂ ಕೂಡುತ್ತದೆ. ಅವಳು ಒಪ್ಪುತ್ತಿಲ್ಲ. ವರ್ಷ ಕಳೆದರೆ ಮನೆಯಲ್ಲಿ ಗಂಡು ನೋಡಲು ಶುರು ಮಾಡುತ್ತಾರೆ ಅನ್ನುವ ಲೆಕ್ಕ ಅವಳದು, ಅದನ್ನು ನನ್ನ ಕ್ಯಾಲ್ಕ್ಯುಲೇಟರ್ ಹಿಡಿಯಲಾರದು. ಮದುವೆಗೆಂದು ಅಕ್ಕ ಮಾಡಿಸಿಟ್ಟ ಒಡವೆ ಇದೆ. "ಅದ್ನೇ ಸೊಸೈಟೀಲಿ ಅಡ ಇಟ್ಟು ಮೊದ್ಲು ಸೇರ್ಕತೀನಿ ಮಾವ, ಬ್ಯಾಂಕ್ ಸಾಲ ಆದ್ಮೇಲೆ ಬಿಡಿಸ್ಕಂಡ್ರಾಯ್ತು" ಅಂದಳು. ಒಡವೆ ಸಾಲ ಕೈಸಾಲಕ್ಕಿಂತ ಎಷ್ಟೋ ಅಗ್ಗ, ನಾಲ್ಕೈದು ತಿಂಗಳ ಸಂದಿಗೆ ಸರಿಯಾದ ಸಾಲವೂ ಹೌದು. ಫೀಸು ಕಟ್ಟಿದ ರಸೀದಿ ತೋರಿಸಿದರೆ ಆ ಮೊತ್ತವನ್ನೂ ಶಿಕ್ಷಣ ಸಾಲಕ್ಕೆ ಸೇರಿಸಿಕೊಳ್ಳುತ್ತೀರಾ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಂಡು ಬಾ ಅಂದಿದ್ದೇನೆ. ಅಕ್ಕನನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹತ್ತಿ ಬಿಡಿಸುವುದರೊಳಗೆ ಹೋಗಿ ಮಾತಾಡಬೇಕು.