‘ಗ್ಯಾಸ್ ಹೋಗಿದೆ’ ಅಂದರೆ ದುಡ್ಡು ಬಿಚ್ಚುವ ಮುನ್ನ

ಮೇಲೆ ಐಸ್ ಗಡ್ಡೆ ಕಟ್ಟಿದೆ, ಕೆಳಗೆ ಹಾಲು ಒಡೆದಿದೆ. ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ಇವೆರಡೂ ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದ್ದು ಡಿಫ್ರಾಸ್ಟ್ ವ್ಯವಸ್ಥೆಯನ್ನು. ಆದರೆ ನಮ್ಮ ಮನೆಗೆ ಬಂದ ಮೆಕ್ಯಾನಿಕ್ ಬಾಗಿಲು ತೆರೆದವನೇ ಅಂದದ್ದು, “ಗ್ಯಾಸ್ ಹೋಗಿದೆ ಸಾರ್.” ತುಂಬಿಸಿದೆವು, ದುಡ್ಡು ಕೊಟ್ಟೆವು. ಐದು ದಿನ ಚೆನ್ನಾಗಿತ್ತು. ಆರನೇ ದಿನ ಮೊಸರು ಮತ್ತೆ ಹುಳಿ.

ಫ್ರೀಜರ್‌ನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಹಿಂದೆ ತಂಪು ಕೊಡುವ ಕಾಯಿಲ್ ಇರುತ್ತದೆ. ಅದರ ಮೇಲೆ ಕೂತ ಹಿಮವನ್ನು ಆಗಾಗ ಒಂದು ಹೀಟರ್ ಕರಗಿಸುತ್ತದೆ. ನೀರು ಡ್ರೈನ್ ಪೈಪಿನಲ್ಲಿ ಇಳಿದು ಹಿಂದಿನ ಟ್ರೇ ಸೇರುತ್ತದೆ. ಹೀಟರ್, ಸೆನ್ಸರ್, ಟೈಮರ್ ಇವುಗಳಲ್ಲಿ ಒಂದು ಕೈಕೊಟ್ಟರೂ ಹಿಮ ಗೋಡೆಯಂತೆ ಬೆಳೆದು ಗಾಳಿಗೆ ಅಡ್ಡ ನಿಲ್ಲುತ್ತದೆ. ಕೆಳಗಿನ ಅರೆಗಳಿಗೆ ತಂಪು ಇಳಿಯುವುದಿಲ್ಲ.

ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ದಿನ ಬಿಟ್ಟು ನೋಡಿ. ಮತ್ತೆ ಹಾಕಿದ ಮೇಲೆ ಕೆಲವು ದಿನ ಸರಿಯಿದ್ದು ಹಳೇ ಕಥೆಯೇ ಮರುಕಳಿಸಿದರೆ ದೋಷ ಬಹುತೇಕ ಡಿಫ್ರಾಸ್ಟಿನದು. ನಿಜಕ್ಕೂ ಗ್ಯಾಸ್ ಸೋರಿಹೋಗಿದ್ದರೆ ಐಸ್ ಕರಗಿಸಿದ ಮಾತ್ರಕ್ಕೆ ತಂಪು ವಾಪಸ್ ಬರುವುದಿಲ್ಲ. ಚಾಕುವಿನಿಂದ ಮಾತ್ರ ಐಸ್ ಕೆರೆಯಬೇಡಿ. ಕಾಯಿಲ್ ತೂತಾದರೆ ತಪ್ಪು ನಿಮ್ಮದೇ ಆಗುತ್ತದೆ. ಇನ್ನು ಬಟನ್ ಒತ್ತಿ ಐಸ್ ಕರಗಿಸುವ ಹಳೇ ಬಗೆಯ ಡೈರೆಕ್ಟ್ ಕೂಲ್ ಫ್ರಿಜ್‌ನಲ್ಲಿ ಐಸ್ ಕಟ್ಟುವುದು ಸಹಜ, ಅದಕ್ಕೆ ದೂರು ನಿಲ್ಲದು.

ಕಾನೂನಿನ ತೊಡಕು ಇರುವುದು ಡಿಫ್ರಾಸ್ಟ್ ದೋಷದ ಈ ಬಂದುಹೋಗುವ ಸ್ವಭಾವದಲ್ಲೇ. ಸರ್ವೀಸ್‌ನವರು ಬಿಸಿನೀರು ಹಾಕಿ ಐಸ್ ಕರಗಿಸಿ ಹೊರಡುತ್ತಾರೆ, ಬೀದಿ ದಾಟುವ ಮೊದಲೇ ‘ಕಂಪ್ಲೇಂಟ್ ಕ್ಲೋಸ್ಡ್’ ಎಂಬ ಮೆಸೇಜು. ಕಾಗದದ ಮೇಲೆ ನಿಮ್ಮ ಫ್ರಿಜ್ ಆರೋಗ್ಯವಾಗಿದೆ! ಹಾಗಾಗಿ ಯಾವ ಭಾಗ ಪರೀಕ್ಷಿಸಿದರು, ಏನು ಬದಲಿಸಿದರು ಎಂದು ಜಾಬ್ ಶೀಟಿನಲ್ಲಿ ಬರೆಸದೆ ಸಹಿ ಹಾಕಬೇಡಿ. ತೆಗೆದ ಹಳೇ ಭಾಗ ಕೇಳಿ ಇಟ್ಟುಕೊಳ್ಳಿ, ಕೊಡದಿದ್ದರೆ ಫೋಟೋ ತೆಗೆಯಿರಿ. ಕೆಟ್ಟ ದಿನ, ಬಂದ ದಿನ, ಮತ್ತೆ ಕೆಟ್ಟ ದಿನ ಗೋಡೆ ಕ್ಯಾಲೆಂಡರಿನಲ್ಲಿ ಗುರುತಾಗಲಿ. ಫ್ರಿಜ್ ಮೇಲಿನ ‘10 ವರ್ಷ ವಾರಂಟಿ’ ಸ್ಟಿಕ್ಕರ್ ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಹೀಟರ್, ಸೆನ್ಸರ್‌ಗಳಿಗೆ ಎಷ್ಟು ದಿನ ಎಂಬುದು ವಾರಂಟಿ ಕಾರ್ಡಿನ ಸಣ್ಣಕ್ಷರದಲ್ಲಿರುತ್ತದೆ.

ವಾರಂಟಿ ಮುಗಿಯಿತೆಂದು ಕೈಚೆಲ್ಲಬೇಕಿಲ್ಲ. ದುಡ್ಡು ಪಡೆದು ಮಾಡಿದ ತಪ್ಪು ರಿಪೇರಿಯೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆಯಾಗಬಹುದು. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಮೊದಲು ಅಂಗಡಿಗೂ ಕಂಪನಿಗೂ ಬರಹದಲ್ಲಿ ನೋಟಿಸ್ ಕೊಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಫ್ರಿಜ್ ಕೊಂಡದ್ದು ಬೆಂಗಳೂರಿನಲ್ಲಾದರೂ ನೀವು ವಾಸವಿರುವ ಹಾವೇರಿಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಗಡುವು, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ.

ಎದುರುದಾರರು ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ದೋಷವನ್ನು ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕಾದರೆ ಆಯೋಗ ಕಳಿಸಬಲ್ಲದು, ಖರ್ಚನ್ನು ಮೊದಲು ದೂರುದಾರರೇ ಕಟ್ಟಬೇಕು. ಅಂಥ ಪ್ರಕರಣವನ್ನು ನೋಟಿಸ್ ತಲುಪಿದ 5 ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಎಳೆದಾಡುವುದೂ ಉಂಟೆನ್ನಿ. ಹೊಸ ಫ್ರಿಜ್ಜೇ ಬೇಕೆಂದು ಹಟ ಹಿಡಿಯುವುದಕ್ಕಿಂತ ‘ದುರಸ್ತಿ, ಆಗದಿದ್ದರೆ ಬದಲಿ, ಅದೂ ಆಗದಿದ್ದರೆ ಹಣ ವಾಪಸ್, ಜೊತೆಗೆ ಪರಿಹಾರ’ ಎಂದು ಸಾಲಾಗಿ ಕೇಳುವುದು ಮೇಲು ಅಂತ ನನ್ನ ಅಭಿಪ್ರಾಯ. ವ್ಯಾಪಾರಕ್ಕೆಂದು ಕೊಂಡ ಫ್ರಿಜ್‌ಗೆ ಈ ದಾರಿಯಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಪುಟ್ಟ ಅಂಗಡಿ ಇಟ್ಟವರು ಗ್ರಾಹಕರೇ.

ಅಂದಹಾಗೆ, ಅಂಗಡಿಗಳಲ್ಲಿ ಕೊಡುವ ನುಣುಪು ಕಾಗದದ ಬಿಲ್ಲು ವರ್ಷ ತುಂಬುವಷ್ಟರಲ್ಲಿ ಮಾಸಿ ಬಿಳಿಯಾಗಿರುತ್ತದೆ. ನಿಮ್ಮದನ್ನು ಇವತ್ತೇ ಹುಡುಕಿ, ಒಂದು ಜೆರಾಕ್ಸ್ ಮಾಡಿಸಿಡಿ.